ರೇಡಿಯೊ ಅಕ್ಕನ ಹನ್ನೊಂದು ನಿಮಿಷದ ಮೌನ

ಹೊಲಿಗೆ ಮಿಷನ್ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತೆರಡು ವರ್ಷ ನಿಂತ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಗುರುತಿನ ಚೀಟಿಯಲ್ಲಿ ಭದ್ರವಾಗಿತ್ತು, ಅಲ್ಲಿಂದ ಹೊರಗೆ ಬಂದದ್ದು ಕಡಿಮೆ. ಬೀದಿಗೆಲ್ಲ ಅವಳು ರೇಡಿಯೊ ಅಕ್ಕ. ಬೆಳಿಗ್ಗೆ ಶಟರ್ ಎತ್ತಿದಾಗ ಶುರುವಾದ ಮಾತು ಸಂಜೆ ಶಟರ್ ಎಳೆದಾಗಲೇ ನಿಲ್ಲುತ್ತಿತ್ತು. ನಡುವೆ ಊಟಕ್ಕೆ ಕೂತಾಗಲೂ ಪೂರ್ತಿ ನಿಲ್ಲುತ್ತಿರಲಿಲ್ಲ, ಸ್ವಲ್ಪ ಸಣ್ಣಗಾಗುತ್ತಿತ್ತು ಅಷ್ಟೆ. ಈ ಹೆಸರಿಟ್ಟವನು ಅವಳ ಸ್ವಂತ ಅಣ್ಣ, ಹಿಂದಿನ ಕೋಣೆಯಲ್ಲಿ ಕೂತು ಮಿಷನ್ ರಿಪೇರಿ ಮಾಡುವ ಮೆಕ್ಯಾನಿಕ್. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಇಬ್ಬರಿಗೂ ಸೇರಿಸಿ ಕೊಟ್ಟಿದ್ದ ಮಾತಿನ ಮೂಟೆಯನ್ನು ಇವಳೊಬ್ಬಳೇ ಹೊತ್ತುಕೊಂಡು ಬಂದಳು ಎಂದು ಅವರಮ್ಮ ಹೇಳುತ್ತಿದ್ದಳಂತೆ.

ಹಾಗಂತ ಅಕ್ಕನದು ಕಾಡುಹರಟೆಯಲ್ಲ. ದರ್ಜಿಯೊಬ್ಬ ಮುಷ್ಟಿಯಲ್ಲಿ ಬಾಬಿನ್ ಕೇಸ್ ಹಿಡಿದುಕೊಂಡು ಬಂದನೆಂದರೆ, ಅವಳು ಮೊದಲು ಡ್ರಾಯರಿನಿಂದ ಒಂದು ಬಿಳಿ ಬಟ್ಟೆ ತೆಗೆದು ಕೌಂಟರಿನ ಗಾಜಿನ ಮೇಲೆ ಹಾಸುತ್ತಿದ್ದಳು. ಬಟ್ಟೆ ಹಾಸದೆ ಬಾಬಿನ್ ಕೇಸಿಗೆ ಕೈ ಹಾಕುವವರು ಅವಳ ಲೆಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ರಸ್ತೆ ದಾಟುವವರು. ಕೆಳಗಿನ ದಾರದ ಉಂಡೆ ಕೂರುವ ಆ ಪುಟ್ಟ ಡಬ್ಬಿಯ ಮೈಮೇಲೆ ಎರಡು ತಿರುಪುಗಳಿರುತ್ತವೆ. ನಡುವಿನ ದೊಡ್ಡದನ್ನು ತಿರುಗಿಸಿದರೆ ದಾರ ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಅಂಚಿನ ಚಿಕ್ಕದು ಸಾಸಿವೆಕಾಳಿನಷ್ಟು. ಅದು ತಗಡಿನ ಪಟ್ಟಿಯನ್ನು ಹಿಡಿದುಕೊಂಡು ಸುಮ್ಮನೆ ಕೂತಿರುತ್ತದೆ, ಅದನ್ನು ಮುಟ್ಟುವ ಹಾಗೇ ಇಲ್ಲ. ಮುಟ್ಟಿದರೆ ಟಣ್ ಎಂದು ಹಾರಿ ನೆಲಕ್ಕೆ ಬಿದ್ದು ಮಾಯ. ಹತ್ತು ಜನರಲ್ಲಿ ಒಂಬತ್ತು ಜನ ಮೊದಲು ಚಿಕ್ಕದಕ್ಕೇ ಕೈ ಹಾಕುತ್ತಾರೆ, ಹತ್ತನೆಯವನು ಸುಳ್ಳು ಹೇಳುತ್ತಾನೆ ಎಂಬುದು ಅಕ್ಕನ ಸಿದ್ಧಾಂತ.

ಮಿಷನ್ನುಗಳು ಬರುತ್ತಿದ್ದದ್ದು ಚೀನಾದ ಒಂದು ಕಾರ್ಖಾನೆಯಿಂದ. ಪೆಟ್ಟಿಗೆಯೊಳಗೆ ಒಂದು ಕಾಗದ ಇರುತ್ತಿತ್ತು. ಅದರ ಒಂದು ಕಡೆ ಚೀನೀ ಭಾಷೆ, ಇನ್ನೊಂದು ಕಡೆ ಇಂಗ್ಲಿಷ್ ಎಂದು ಹೇಳಿಕೊಳ್ಳುವ ಯಾವುದೋ ಭಾಷೆ. ಗಿರಾಕಿಗಳು ಆ ಕಾಗದವನ್ನು ಎಣ್ಣೆ ಒರೆಸಲು ಬಳಸಿ, ಅಕ್ಕನ ಹತ್ತಿರ ಬಂದು ಕೇಳುತ್ತಿದ್ದರು. ಅವಳೇ ಆ ಅಂಗಡಿಯ ಮಾತಾಡುವ ಕಾಗದ.

ಒಂದು ದಿನ ದೂರದ ಊರಿನಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಹೊಸದಾಗಿ ಮಿಷನ್ ಕೊಂಡವಳು. ಹೊಲಿದ ಬಟ್ಟೆಯ ಮೇಲೆಲ್ಲ ಕೆಳಗಿನ ದಾರ ಕಾಣಿಸುತ್ತಿದೆ ಎಂದು ಅವಳ ಗೋಳು. ಅಕ್ಕ ನಲವತ್ತು ನಿಮಿಷ ಬಿಡಿಸಿ ಬಿಡಿಸಿ ಹೇಳಿದಳು. ಮಾರನೇ ದಿನ ಅದೇ ಫೋನ್, ಅದೇ ಪ್ರಶ್ನೆ, ಮತ್ತೆ ನಲವತ್ತು ನಿಮಿಷ. ಆಮೇಲೆ ಫೋನ್ ನಿಂತಿತು. ಎರಡು ತಿಂಗಳಾದ ಮೇಲೆ ಆ ಹೆಂಗಸು ಮಿಷನ್ನನ್ನೇ ಗಾಡಿಯಲ್ಲಿ ಹಾಕಿಸಿಕೊಂಡು ವಾಪಸ್ ತಂದಳು. ಚಿಕ್ಕ ತಿರುಪು ಎಲ್ಲೋ ಬಿದ್ದುಹೋಗಿತ್ತು, ಹೊಲಿಗೆಯ ಆಸೆಯೂ ಅದರ ಜೊತೆಗೇ ಹೋಗಿತ್ತು.

"ನೀವು ಚೆನ್ನಾಗೇ ಹೇಳ್ತೀರಾ ಅಕ್ಕ. ಆದ್ರೆ ಫೋನ್ ಇಟ್ಟ ಮೇಲೆ ನಿಮ್ಮ ಮಾತು ನನ್ನ ಹತ್ರ ಉಳಿಯಲ್ಲ. ಮಿಷನ್ ಮುಂದೆ ಕೂತಾಗ ನಾನೊಬ್ಳೇ," ಎಂದಳು ಅವಳು.

ಅಕ್ಕನಿಗೆ ಅದು ಎದೆಗೆ ನಾಟಿತು. ಇಪ್ಪತ್ತೆರಡು ವರ್ಷ ಆಡಿದ ಮಾತೆಲ್ಲ ಗಾಳಿಗೆ ಹೋಯಿತಲ್ಲ ಎಂದು ನಿಜವಾಗಿಯೂ ದುಃಖವಾಯಿತು. ಪೆಟ್ಟಿಗೆಯೊಳಗಿನ ಆ ಕಾಗದವನ್ನೇ ಬದಲಾಯಿಸಬೇಕು ಎಂದು ಅವತ್ತೇ ತೀರ್ಮಾನಿಸಿದಳು. ಅದಕ್ಕೆ ಕಾರ್ಖಾನೆಯವರ ಜೊತೆ ಅವರ ಭಾಷೆಯಲ್ಲೇ ಮಾತಾಡಬೇಕು, ಹತ್ತು ಕಡೆಯ ಜನ ಓದುವ ಇಂಗ್ಲಿಷ್ ಬರಬೇಕು, ಎರಡನ್ನೂ ಫೋನಿನ ಪರದೆಗೆ ಒಪ್ಪುವ ಹಾಗೆ ಬರೆಯುವುದು ಗೊತ್ತಿರಬೇಕು. ವಿಶ್ವವಿದ್ಯಾಲಯದಲ್ಲಿ ಸರಿಯಾಗಿ ಅದನ್ನೇ ಕಲಿಸುವ ಮೂರು ವರ್ಷದ ಪದವಿ ಇತ್ತು: ಡಿಜಿಟಲ್ ಸಂವಹನಕ್ಕಾಗಿ ಇಂಗ್ಲಿಷ್ ಮತ್ತು ಚೀನೀ ಭಾಷೆ. ಅರ್ಜಿ ಹಾಕಿದಾಗ ಅಕ್ಕನಿಗೆ ನಲವತ್ತೊಂದು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗೆ ನಲವತ್ತಕ್ಕೇ ಬಂತಲ್ಲೇ," ಎಂದ ಅಣ್ಣ. ಅವನ ಆ ದಿನದ ಕೋಟಾ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅಕ್ಕ ಬಿಡಲಿಲ್ಲ. ಮೂರು ದಿನ ಹಿಂದೆ ಬಿದ್ದಳು. ಕೊನೆಗೆ ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟು, "ಬೆಳಿಗ್ಗೆ ಹೊತ್ತು ಕೌಂಟರ್ ನಾನು ನೋಡ್ಕೋತೀನಿ. ಮೂರು ವರ್ಷ. ಮೂರೂವರೆ ಅಂದ್ರೆ ಆಗಲ್ಲ, ಹಿಂದೆ ರಿಪೇರಿ ರಾಶಿ ಬೀಳುತ್ತೆ," ಎಂದ. ಅಣ್ಣ ಒಂದು ಮಾತು ಹೇಳಿದನೆಂದರೆ ಕಲ್ಲಿನಲ್ಲಿ ಕೆತ್ತಿದ ಹಾಗೆ. ಮೂರು ವರ್ಷವೆಂದರೆ ಮೂರೇ ವರ್ಷ.

ಕ್ಲಾಸಿನಲ್ಲಿ ಎಲ್ಲರೂ ಅವಳ ಅರ್ಧ ವಯಸ್ಸಿನವರು. ಮೊದಲ ದಿನ ಅವಳು ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು, ಪಾಠ ಮಾಡುವವರು ಬಂದರು ಎಂದುಕೊಂಡು. ಅಕ್ಕ, "ಕೂತ್ಕೊಳ್ರಪ್ಪ, ನಾನೂ ನಿಮ್ಮ ಥರಾನೇ ದಡ್ಡಿ," ಎಂದಳು. ಅಲ್ಲಿಂದ ಮುಂದೆ ಅವಳನ್ನು ಕಂಡರೆ ಎಲ್ಲರಿಗೂ ಸಲಿಗೆ.

ಚೀನೀ ಭಾಷೆ ಕಲಿಸುತ್ತಿದ್ದವರು ಆ ದೇಶದಿಂದಲೇ ಬಂದ ಗಿಡ್ಡನೆಯ, ಖಡಕ್ ಹೆಂಗಸು. ಎಲ್ಲರಿಗೂ ಅವರು ಚೀನೀ ಮೇಡಂ. ದನಿಯ ಏರಿಳಿತ ನಾಲ್ಕು ಥರ, ಅದು ತಪ್ಪಿದರೆ ಅರ್ಥವೇ ತಪ್ಪುತ್ತದೆ ಎಂದು ಅವರು ಹೇಳಿದಾಗ ಹುಡುಗರು ಪೆಚ್ಚಾದರು. ಅಕ್ಕ ಅದನ್ನು ತನ್ನ ಕೌಂಟರಿಗೆ ಹೊಂದಿಸಿಕೊಂಡಳು. ಮೊದಲನೆಯದು ಗಿರಾಕಿಯ ನಂಬರ್ ಕೂಗುವ ಸಪಾಟು ದನಿ. ಎರಡನೆಯದು ನಂಬಿಕೆ ಬಾರದೆ 'ಹೌದಾ?' ಎನ್ನುವ ದನಿ. ಮೂರನೆಯದು ಯೋಚಿಸುತ್ತ ಎಳೆಯುವ 'ಹೂಂ'. ನಾಲ್ಕನೆಯದು ಬೀದಿನಾಯಿಗೆ ಹೇಳುವ 'ಹೋಗು!' ಅಕ್ಷರಗಳನ್ನು ದರ್ಜಿಯ ಸೀಮೆಸುಣ್ಣದಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಬರೆದು ಬರೆದು ಅಳಿಸಿದಳು. ಮೂರನೇ ವರ್ಷ ಬರುವ ಹೊತ್ತಿಗೆ ಕಾರ್ಖಾನೆಯವರಿಗೆ ಅವಳೇ ಸಂದೇಶ ಬರೆಯುತ್ತಿದ್ದಳು. ಮೊದಲು ಬೇಕಾದ ಸ್ಪ್ರಿಂಗ್ ಬಿಟ್ಟು ಬೇಡದ ಬೆಲ್ಟ್ ಕಳಿಸುತ್ತಿದ್ದವರು ಈಗ ಕೇಳಿದ್ದನ್ನೇ ಕಳಿಸತೊಡಗಿದರು. ಅಣ್ಣ ಪೆಟ್ಟಿಗೆ ಬಿಚ್ಚಿ ನೋಡಿ ಒಂದು ಸಲ ತಲೆಯಾಡಿಸಿದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಉಳಿದದ್ದು ಕೊನೆಯ ಪರೀಕ್ಷೆ. ಅದನ್ನು ನಡೆಸುವವರು ಬರವಣಿಗೆಯ ಮೇಷ್ಟ್ರು, ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವರು, ಕನ್ನಡಕ ಮಾತ್ರ ಅಜ್ಜನದು. ವಿದ್ಯಾರ್ಥಿ ಯಾವುದಾದರೊಂದು ಕೆಲಸವನ್ನು ಹೇಗೆ ಮಾಡಬೇಕೆಂದು ಫೋನಿನ ಪುಟವಾಗಿ ಎರಡೂ ಭಾಷೆಯಲ್ಲಿ ಬರೆಯಬೇಕು. ಆ ಕೆಲಸದ ಗಂಧಗಾಳಿ ಇಲ್ಲದ ಇಬ್ಬರು ಹೊರಗಿನಿಂದ ಬಂದು, ಒಬ್ಬರು ಇಂಗ್ಲಿಷ್ ಓದಿ, ಒಬ್ಬರು ಚೀನೀ ಓದಿ, ಆ ಕೆಲಸ ಮಾಡಿ ತೋರಿಸಬೇಕು. ಬರೆದವರು ಅದೇ ಕೋಣೆಯಲ್ಲಿ ಕೂತಿರಬೇಕು. ಆದರೆ ಬಾಯಿ ಬಿಡುವಂತಿಲ್ಲ, ಬೆರಳು ತೋರಿಸುವಂತಿಲ್ಲ. ಬಾಯಿ ಬಿಟ್ಟರೆ ಫೇಲು.

ಅಕ್ಕ ಆರಿಸಿಕೊಂಡ ಕೆಲಸ ಯಾವುದೆಂದು ಹೇಳಬೇಕಿಲ್ಲ: ಬಾಬಿನ್ ಕೇಸಿನ ದಾರ ಬಿಗಿ ಮಾಡುವುದು. ಪುಟ ಬರೆದಾಗ ಅವಳು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಮೇಷ್ಟ್ರು ಹೇಳಿದ್ದನ್ನೆಲ್ಲ ಪಾಲಿಸಿದಳು. ಪುಟ ಚಿಕ್ಕದಾಗಿರಲಿ, ಸರಿಯಾದ ದಾರಿ ಮಾತ್ರ ಇರಲಿ, ಬೇಡದ ಮಾತು ಬೇಡ ಎಂದಿದ್ದರು ಅವರು. ಬಿಳಿ ಬಟ್ಟೆ ಹಾಸಿ ಎಂಬ ಮೊದಲ ಸಾಲಿನ ಮೇಲೆ ಗೀಟೆಳೆದು, "ಇದು ಮಿಷನ್ನಿಗೆ ಸಂಬಂಧ ಇಲ್ಲ ಅಲ್ವಾ?" ಎಂದು ಕೇಳಿದ್ದರು. ಅಕ್ಕ ಅಳಿಸಿದಳು. ಏಳು ಸಾಲಿನ ಪುಟ ಕನ್ನಡಿಯಷ್ಟು ಚೊಕ್ಕಟವಾಗಿತ್ತು.

ಇಂಗ್ಲಿಷ್ ಓದಿದ ಹಾಸ್ಟೆಲ್ ವಾರ್ಡನ್ ನಿಧಾನದ ಆಸಾಮಿ, ಸರಿಯಾಗಿ ಮುಗಿಸಿದ. ಚೀನೀ ಓದಿದವನು ಚೀನಾದಿಂದ ಬಂದಿದ್ದ ರಸಾಯನಶಾಸ್ತ್ರದ ಸಂಶೋಧಕ, ಚುರುಕು. ಚುರುಕಿನವರದೇ ತೊಂದರೆ. ಅವನು ನಾಲ್ಕನೇ ಸಾಲು ಓದಿದ್ದೇ ತಡ, ಸ್ಕ್ರೂ ಡ್ರೈವರಿನ ತುದಿಯನ್ನು ನೇರವಾಗಿ ಚಿಕ್ಕ ತಿರುಪಿನ ಮೇಲಿಟ್ಟ.

"ಅಯ್ಯೋ ಅದಲ್ಲ ಸ್ವಾಮಿ! ದೊಡ್ಡದು, ದೊಡ್ಡದು!"

ಮೂರು ವರ್ಷ ಚೀನೀ ಕಲಿತು, ಮೂರು ವರ್ಷ ಇಂಗ್ಲಿಷ್ ಕಲಿತು, ಆಪತ್ತು ಬಂದಾಗ ಅಕ್ಕನ ಬಾಯಿಂದ ಹೊರಬಿದ್ದದ್ದು ಕನ್ನಡ. ಆ ಸಂಶೋಧಕನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದೆ ತೆಗೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇಂಗ್ಲಿಷ್ ಪಾಸು. ಚೀನೀ ಭಾಗಕ್ಕೆ ಆರು ವಾರದ ನಂತರ ಇನ್ನೊಂದು ಅವಕಾಶ ಇದೆ. ಅದೇ ಕೊನೆ. ಆಮೇಲೆ ವರ್ಷ ಪೂರ್ತಿ ಮತ್ತೆ ಕೂರಬೇಕು," ಎಂದರು.

ಮತ್ತೆ ಒಂದು ವರ್ಷ ಎಂದರೆ ಅಣ್ಣನ ಲೆಕ್ಕದಲ್ಲಿ ಆಗದ ಮಾತು. ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ತಿರುಗಿ ಕೂತು ಅತ್ತಳು. ನಾಚಿಕೆ, ಸಿಟ್ಟು ಎರಡೂ ಇತ್ತು. ಅರ್ಧ ದಾರಿಯಲ್ಲಿ ಅಳು ನಿಲ್ಲಿಸಿ ಮೂಗು ಒರೆಸಿಕೊಂಡಳು. ಇಲ್ಲಿಯ ತನಕ ಬಂದು ಬಾಲ ಮುದುರಿಕೊಂಡು ಹೋಗುವ ಜಾಯಮಾನ ಅವಳದಲ್ಲ.

"ಏನಾಯ್ತೇ?" ಎಂದ ಅಣ್ಣ.

"ಬಾಯಿ ಬಿಟ್ಟೆ."

ಅಣ್ಣ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಅವಳಿಗೆ.

ಮಾರನೇ ದಿನ ಮಧ್ಯಾಹ್ನದಿಂದ ಅಕ್ಕ ಕೌಂಟರಿನ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡಳು. ಗಿರಾಕಿಗೆ ತಾನು ಹೇಳಿದ ಪ್ರತಿ ಮಾತನ್ನೂ ಅವನು ಹೋದ ಮೇಲೆ ಬರೆದಿಟ್ಟಳು. ತಾನು ಏನು ಮಾತಾಡುತ್ತೇನೆ ಎಂದು ಅವಳು ಜನ್ಮದಲ್ಲಿ ಮೊದಲ ಸಲ ಕೇಳಿಸಿಕೊಂಡದ್ದು ಆಗಲೇ. ಎರಡು ವಾರ ಕಳೆದು ಓದಿ ನೋಡಿದರೆ ಅವಳಿಗೇ ಆಶ್ಚರ್ಯ. ಹೀಗೆ ಮಾಡಿ, ಹಾಗೆ ಮಾಡಿ ಎಂಬುದು ಅದರಲ್ಲಿ ಕಾಲು ಭಾಗವೂ ಇರಲಿಲ್ಲ. ಮಿಕ್ಕದ್ದೆಲ್ಲ ಬೇರೆ. 'ಬಿತ್ತಾ? ಬೀಳಲಿ ಬಿಡಿ.' 'ಎಲ್ಲರೂ ಹಾಗೇ ಮಾಡೋದು.' 'ಎದ್ದೇಳಬೇಡಿ, ಎದ್ರೆ ಮಡಿಲಿಂದ ಜಾರಿ ಹೋಗುತ್ತೆ.' 'ಹೆದರಬೇಡಿ, ಮಿಷನ್ ಏನೂ ಕಚ್ಚಲ್ಲ.' ಕೆಲಸ ಕೆಟ್ಟ ಮೇಲೆ ಬೇಕಾಗುವ ಮಾತುಗಳು ಅವು. ಪರೀಕ್ಷೆಯಲ್ಲಿ ತಾನು ಯಾಕೆ ಕೂಗಿದೆ ಎಂದು ಅವಳಿಗೆ ಹೊಳೆಯಿತು. ಪುಟದಲ್ಲಿ ಆ ಜಾಗ ಮೂಕವಾಗಿತ್ತು, ಅದಕ್ಕೇ ಇವಳ ಬಾಯಿ ಅಲ್ಲಿಗೆ ಓಡಿತು.

ಅವಳು ಪುಟವನ್ನು ಹೊಸದಾಗಿ ಬರೆದಳು. ಮೊದಲ ಸಾಲು ಬಿಳಿ ಬಟ್ಟೆ. ಐದನೇ ಸಾಲು: ಚಿಕ್ಕ ತಿರುಪನ್ನು ತಿರುಗಿಸಿಬಿಟ್ಟಿರಾ? ಹೆದರಬೇಡಿ, ಎಲ್ಲರೂ ಹಾಗೇ ಮಾಡುತ್ತಾರೆ. ಎದ್ದೇಳಬೇಡಿ. ತಿರುಪು ಬಟ್ಟೆಯ ಮೇಲೇ ಇದೆ, ಕೈಯಾಡಿಸಿ ನೋಡಿ. ಚೀನೀ ಮೇಡಂ ಓದಿ ಎರಡು ಅಕ್ಷರ ತಿದ್ದಿದರು, ಮೂರನೆಯದಕ್ಕೆ ಪೆನ್ನು ಎತ್ತಿ, ಇದು ಹೀಗೇ ಇರಲಿ ಎಂದು ಕೆಳಗಿಟ್ಟರು. ಮೇಷ್ಟ್ರು ಮಾತ್ರ ಒಪ್ಪಲಿಲ್ಲ.

"ತಪ್ಪು ದಾರಿ ಬರೆದ್ರೆ ಓದುವವರು ಅದನ್ನೇ ಮಾಡ್ತಾರೆ. ಬಟ್ಟೆ, ಸಮಾಧಾನ, ಇದೆಲ್ಲ ಕೈಪಿಡಿಯಲ್ಲಿ ಬರಲ್ಲ. ಅಂಕ ಕಟ್ ಮಾಡಬೇಕಾಗುತ್ತೆ, ನೋಡಿ," ಎಂದರು. ಕೆಟ್ಟವರಲ್ಲ ಪಾಪ, ಪುಸ್ತಕ ಹೇಳಿದ್ದನ್ನು ಹೇಳಿದರು. ಬಾಬಿನ್ ಕೇಸನ್ನು ಅವರು ಕೈಯಲ್ಲಿ ಹಿಡಿದವರೇ ಅಲ್ಲ.

"ಅಂಕ ಕಟ್ ಮಾಡಿ ಸರ್. ಸಾಲು ಕಟ್ ಮಾಡಲ್ಲ," ಎಂದಳು ಅಕ್ಕ.

ಪುಟ ಸಿದ್ಧವಾಯಿತು, ಬಾಯಿ ಇನ್ನೂ ಸಿದ್ಧವಾಗಿರಲಿಲ್ಲ. ದರ್ಜಿಗಳು ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಳ್ಳುತ್ತಾರೆ, ಆಗ ಅವರಿಂದ ಮಾತು ಹೊರಡುವುದಿಲ್ಲ. ಅಕ್ಕ ಕೋಟಿನ ಒಂದು ದೊಡ್ಡ ಗುಂಡಿಯನ್ನು ತೊಳೆದು ಬಾಯಿಗಿಟ್ಟುಕೊಂಡಳು. ಕೊನೆಯ ನಾಲ್ಕು ವಾರ, ಗಿರಾಕಿ ಬಂದರೆ ಫೋನಿನಲ್ಲಿ ಪುಟ ತೆಗೆದು ಮುಂದಿಡುವುದು, ಹಲ್ಲಿನ ಹಿಂದೆ ಗುಂಡಿ ಒತ್ತಿಕೊಂಡು ನಿಲ್ಲುವುದು. ಅವರಿಗಾಗಿ ಪುಟವನ್ನು ಕನ್ನಡದಲ್ಲೂ ಮಾಡಿಟ್ಟಿದ್ದಳು. ಮೊದಲ ವಾರ ಗುಂಡಿ ಹನ್ನೆರಡು ಸಲ ಹೊರಗೆ ಬಂತು, ಒಂದು ಸಲ ಒಬ್ಬ ದರ್ಜಿಯ ಅಂಗಿಯ ಮೇಲೇ. ಅವನು ಅಣ್ಣನನ್ನು ಪಕ್ಕಕ್ಕೆ ಕರೆದು, "ಅಕ್ಕನಿಗೆ ಹಲ್ಲುನೋವಾ?" ಎಂದು ಪಿಸುಗುಟ್ಟಿದ.

"ನೋವಲ್ಲ, ಓದು," ಎಂದ ಅಣ್ಣ.

ಕೊನೆಯ ವಾರ ಗುಂಡಿ ಎರಡೇ ಸಲ ಹೊರಗೆ ಬಂತು. ಎರಡು ಸಲವೂ ಅಕ್ಕ ಆ ಜಾಗ ಗುರುತು ಹಾಕಿಕೊಂಡು, ಪುಟದಲ್ಲಿ ಒಂದು ಮಾತು ಸೇರಿಸಿದಳು.

ಪರೀಕ್ಷೆಯ ಬೆಳಿಗ್ಗೆ ಎರಡನೇ ಮಹಡಿಯ ಕೋಣೆಯಲ್ಲಿ ಒಂದು ಮೇಜು, ಒಂದು ಮಿಷನ್, ಒಂದು ಫೋನು. ಈ ಸಲ ಓದಲು ಬಂದವರು ಚೀನೀ ಮೇಡಂನ ಅತ್ತೆ, ಸೊಸೆಯನ್ನು ನೋಡಲು ಬಂದಿದ್ದ ಎಪ್ಪತ್ತರ ಮುದುಕಿ. ಅವರು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಿಷನ್ ಮುಟ್ಟಿದವರಲ್ಲ. ಓದುವವರು ನಮ್ಮ ಮನೆಯವರಾದ್ದರಿಂದ ಅಂಕ ಹಾಕುವುದು ನಾನಲ್ಲ ಎಂದು ಮೇಡಂ ಮೊದಲೇ ಹೇಳಿ ಕಿಟಕಿಯ ಬಳಿ ಹೋಗಿ ನಿಂತರು. ಅಕ್ಕ ಗುಂಡಿಯನ್ನು ಬಾಯಿಗೆ ಹಾಕಿಕೊಂಡು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಮೇಷ್ಟ್ರು ಗಡಿಯಾರ ನೋಡಿದರು.

ಮುದುಕಿ ಮೊದಲ ಸಾಲು ಓದಿದರು. ಅತ್ತ ಇತ್ತ ನೋಡಿ, ತಮ್ಮ ಚೀಲದಿಂದ ಒಂದು ಬಿಳಿ ಕರವಸ್ತ್ರ ತೆಗೆದು, ನಾಲ್ಕು ಮೂಲೆ ಎಳೆದು ಮೇಜಿನ ಮೇಲೆ ಹಾಸಿದರು. ಎರಡನೇ ಸಾಲು, ಮೂರನೇ ಸಾಲು. ಬಾಬಿನ್ ಕೇಸ್ ಹೊರಗೆ ಬಂತು. ದಾರದ ತುದಿ ಹಿಡಿದು ತೂಗಿಬಿಟ್ಟಾಗ ಅದು ನಿಲ್ಲದೆ ಸರ್ರನೆ ಕೆಳಗಿಳಿಯಿತು, ಎಂದರೆ ಸಡಿಲ. ಮುದುಕಿ ಅದನ್ನು ನೋಡಿ ಮಗುವಿನ ಹಾಗೆ ನಕ್ಕರು. ನಾಲ್ಕನೇ ಸಾಲು ಓದಿದರು. ಕನ್ನಡಕ ಮೇಲೆ ಸರಿಸಿದರು. ಸ್ಕ್ರೂ ಡ್ರೈವರ್ ಎತ್ತಿಕೊಂಡರು.

ತುದಿ ಚಿಕ್ಕ ತಿರುಪಿನ ಮೇಲೆ ಕೂತಿತು.

ಅಕ್ಕನ ಮೈಯೆಲ್ಲ ನಾಲಗೆಯಾಯಿತು. ಗುಂಡಿಯ ಮೇಲೆ ಹಲ್ಲು ಕಚ್ಚಿತು. ತಿರುಪು ಒಂದು ಸುತ್ತು ಸುತ್ತಿತು, ಎರಡು ಸುತ್ತು, ಮೂರನೆಯದಕ್ಕೆ ತಗಡಿನ ಪಟ್ಟಿ ಮೇಲೆದ್ದಿತು. ತಿರುಪು ಹಾರಿತು. ಸದ್ದೇ ಆಗಲಿಲ್ಲ.

"ಎಲ್ಲಿ ಹೋಯಿತು?" ಎಂದು ಮುದುಕಿ ತಮ್ಮ ಭಾಷೆಯಲ್ಲಿ ತಮ್ಮಷ್ಟಕ್ಕೇ ಗೊಣಗಿದರು. "ಹಾಳು ಮಾಡಿಬಿಟ್ಟೆನಲ್ಲ."

ಅಕ್ಕನಿಗೆ ಪ್ರತಿ ಅಕ್ಷರ ಅರ್ಥವಾಯಿತು. ಅರ್ಥವಾದದ್ದೇ ಕಷ್ಟವಾಯಿತು. ಉತ್ತರ ನಾಲಗೆಯ ತುದಿಗೆ ನುಗ್ಗಿ ಬಂತು, ಈ ಸಲ ಅದು ಕನ್ನಡದಲ್ಲಿ ಬರಲಿಲ್ಲ, ಚೀನೀ ಭಾಷೆಯಲ್ಲೇ ಬಂತು, ಏರಿಳಿತ ಸಮೇತ. ಹಾಳಾಗಿಲ್ಲ ಅಮ್ಮ, ಬಟ್ಟೆಯ ಮೇಲೇ ಇದೆ. ಅದನ್ನು ಅವಳು ಗುಂಡಿಯ ಜೊತೆಗೇ ಅದುಮಿ ಹಿಡಿದಳು. ಕಣ್ಣಲ್ಲಿ ನೀರು ಬಂತು. ಮುದುಕಿ ಕುರ್ಚಿ ಹಿಂದಕ್ಕೆ ತಳ್ಳಿ, ನೆಲದ ಮೇಲೆ ಹುಡುಕಲು ಏಳಲು ಹೊರಟರು. ಮೇಷ್ಟ್ರು ಪೆನ್ನು ತೆಗೆದರು.

ಏಳುವ ಮೊದಲು ಮುದುಕಿ ಇನ್ನೊಮ್ಮೆ ಫೋನಿನ ಕಡೆ ನೋಡಿದರು. ಅಂಚೆ ಕಚೇರಿಯ ಅಭ್ಯಾಸವಿರಬೇಕು, ಕಾಗದವನ್ನು ಕೊನೆ ಮುಟ್ಟಿಸದೆ ಬಿಡುವವರಲ್ಲ. ಬೆರಳಿನಿಂದ ಪುಟ ಮೇಲೆ ಸರಿಸಿದರು. ಐದನೇ ಸಾಲು ಬಂತು. ತುಟಿ ಅಲ್ಲಾಡಿಸುತ್ತ ಓದಿದರು. ಅರ್ಧ ಎದ್ದವರು ಹಾಗೇ ಕೂತರು. ಕರವಸ್ತ್ರದ ಮೇಲೆ ಅಂಗೈ ಆಡಿಸಿದರು, ನಿಧಾನವಾಗಿ, ಮಡಿಕೆಯೊಂದರ ಹತ್ತಿರ ಬೆರಳು ನಿಂತಿತು. ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆ. ಬಿಳಿಯ ಮೇಲೆ ಅದು ಕಾಣದೆ ಇರಲು ಸಾಧ್ಯವೇ ಇರಲಿಲ್ಲ.

ಆಮೇಲಿನದೆಲ್ಲ ನೀರು ಕುಡಿದಷ್ಟು ಸಲೀಸು. ಚಿಕ್ಕದನ್ನು ವಾಪಸ್ ಕೂರಿಸಿ, ದೊಡ್ಡದನ್ನು ಕಾಲು ಸುತ್ತು ತಿರುಗಿಸಿ, ತೂಗಿ ನೋಡಿ, ಮಿಷನ್ನಿಗೆ ಹಾಕಿ, ಚೂರು ಬಟ್ಟೆಯ ಮೇಲೆ ಒಂದು ಗೆರೆ ಹೊಲಿದರು. ಗೆರೆ ಸೊಟ್ಟಗಿತ್ತು, ಹೊಲಿಗೆ ಮಾತ್ರ ಎರಡೂ ಕಡೆ ಒಂದೇ ಸಮ. ಮೇಷ್ಟ್ರು ಗಡಿಯಾರ ನೋಡಿ, "ಹನ್ನೊಂದು ನಿಮಿಷ," ಎಂದರು. ಬಟ್ಟೆಯನ್ನು ತಿರುವಿ ಮುರುವಿ ನೋಡಿದರು, ಕರವಸ್ತ್ರವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಪಾಸು. ಕಟ್ ಮಾಡಿದ ನಾಲ್ಕು ಅಂಕ ವಾಪಸ್ ಕೊಡೋದಕ್ಕೆ ನಿಯಮ ಇಲ್ಲ. ಆದ್ರೆ ಆ ಎರಡು ಸಾಲು ಹಾಗೇ ಇರಲಿ. ಈಗ ನೀವು ಮಾತಾಡಬಹುದು."

ಅಕ್ಕ ಗುಂಡಿ ತೆಗೆದಳು. ಅದು ನಡುವೆ ಸೀಳು ಬಿಟ್ಟಿತ್ತು.

ಮುದುಕಿ ಎದ್ದು ಬಂದು ಅವಳ ಕೈ ಹಿಡಿದುಕೊಂಡು, ಫೋನು ತೋರಿಸಿ, ತಮ್ಮ ಭಾಷೆಯಲ್ಲಿ ಕೇಳಿದರು: "ಐದನೇ ಸಾಲು ಓದಿದಾಗ ಯಾರೋ ಪಕ್ಕದಲ್ಲಿ ನಿಂತು ಹೇಳಿದ ಹಾಗಾಯಿತು. ಯಾರದು?"

"ನಾನೇ," ಎಂದಳು ಅಕ್ಕ, ಅವರ ಭಾಷೆಯಲ್ಲೇ.

ಮೆಟ್ಟಿಲಿಳಿಯುತ್ತ ಅಣ್ಣನಿಗೆ ಫೋನ್ ಮಾಡಿದಳು. ಆ ಕಡೆ ಒಂದು ಮಿಷನ್ ಕಟಕಟ ಎನ್ನುತ್ತಿದ್ದದ್ದು ನಿಂತಿತು.

"ಬಾಯಿ ಬಿಟ್ಯಾ?" ಎಂದ ಅಣ್ಣ.

"ಇಲ್ಲ ಅಣ್ಣ. ಬಿಡಲಿಲ್ಲ."

ಅವನು ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಈಗ ಬಿಡೇ. ಕೌಂಟರ್ ಮುಂದೆ ಯಾರೂ ಇಲ್ಲ. ಕೂತಿದೀನಿ, ಹೇಳು."

ಅಕ್ಕ ಬಿಳಿ ಕರವಸ್ತ್ರದಿಂದ ಶುರು ಮಾಡಿದಳು. ಬಸ್ಸು ಬಂತು, ಹತ್ತಿದಳು, ಸೀಟು ಸಿಕ್ಕಿತು, ಮಾತು ನಡೆದೇ ಇತ್ತು. ಇಳಿದು ಬೀದಿ ದಾಟಿ ಅಂಗಡಿಯ ಮುಂದೆ ಬಂದು ನಿಂತರೂ ಅಣ್ಣ ಫೋನನ್ನು ಕಿವಿಯಿಂದ ತೆಗೆದಿರಲಿಲ್ಲ.